ಚೆಂಡಾಟದ ಪದ್ಯ, ಬಾಣಂತಿ ಮನೆ ಮತ್ತು ಒಂದು ಕಟ್ಟು ಪತ್ರ: ಗ್ರಂಥಸಂಪಾದನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಕುಮಾರರಾಮನ ಕಥೆಯನ್ನು ಕೊಪ್ಪಳ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಂಗಾವತಿ ಸೀಮೆಯ ಕುಮ್ಮಟದುರ್ಗ ಅವನ ಕೋಟೆ. ತುಂಗಭದ್ರಾ ಹೊಳೆಯ ಆಚೆ ದಂಡೆಯ ಕಂಪ್ಲಿ ಅವನ ತಂದೆ ಕಂಪಿಲರಾಯನ ರಾಜ್ಯದ ಹೆಸರನ್ನು ಇಂದಿಗೂ ಹೊತ್ತುಕೊಂಡಿದೆ. 1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ಸೈನ್ಯದ ಕೈಯಲ್ಲಿ ಆ ರಾಜ್ಯ ಅಳಿಯಿತು. ಸುಲ್ತಾನನ ಮೇಲೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟದ್ದೇ ಯುದ್ಧಕ್ಕೆ ಕಾರಣ ಎನ್ನುತ್ತದೆ ಚರಿತ್ರೆ. ಇಬ್ನ್ ಬತೂತ ಬರೆದಿಟ್ಟಿರುವುದೂ ಅದನ್ನೇ. ಆದರೆ ನಂಜುಂಡ ಕವಿ, ಪಾಂಚಾಳ ಗಂಗರಂಥ, ಸಾಂಗತ್ಯವೆಂಬ ಹಾಡುಗಬ್ಬ ಬರೆದ ಕವಿಗಳ ಮನಸ್ಸು ಬೇರೆ ಕಡೆ ನೆಟ್ಟಿತ್ತು. ಚೆಂಡಾಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ರಾಮ ಅದನ್ನು ತರಲು ಒಳಗೆ ಹೋಗುತ್ತಾನೆ. ಅವಳು ಮನಸೋಲುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ, ಅವಳು ಗಂಡನ ಮುಂದೆ ಸುಳ್ಳು ದೂರು ಹೇಳುತ್ತಾಳೆ. ಮಗನ ತಲೆ ತೆಗೆಯಲು ರಾಯ ಅಪ್ಪಣೆ ಕೊಟ್ಟರೆ ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಅಡಗಿಸಿಡುತ್ತಾನೆ. ಪರನಾರಿ ಸಹೋದರನೆಂಬ ಬಿರುದು ಹುಟ್ಟಿದ್ದು ಇಲ್ಲಿ. ಅವನನ್ನು ದೇವರೆಂದು ನಡೆದುಕೊಳ್ಳುವವರು ಈ ಭಾಗದಲ್ಲಿ ಇವತ್ತಿಗೂ ಇದ್ದಾರೆ.

ಈ ಕಥೆಯ ಒಂದು ಸಾಂಗತ್ಯ ಪಾಠವನ್ನು ಸಂಪಾದಿಸಲು, ಎಂದರೆ ಹಳೆಯ ಪ್ರತಿಗಳನ್ನು ಹೋಲಿಸಿ ಕವಿಯ ಮಾತು ಯಾವುದೆಂದು ನಿರ್ಧರಿಸಿ ಅಚ್ಚಿಗೆ ಸಿದ್ಧಮಾಡಲು, 2023ರ ಬೇಸಿಗೆಯಲ್ಲಿ ಕೈಹಾಕಿದವರು ಗಂಗಾವತಿ ತಾಲೂಕಿನ ಒಬ್ಬ ಕನ್ನಡ ಉಪನ್ಯಾಸಕಿ. ಅವರನ್ನು ಸಂಪಾದಕಿ ಎಂದಷ್ಟೇ ಕರೆಯುತ್ತೇನೆ. ಅವರಿಗೆ ದಾರಿ ತೋರಿದವರು ರಾಯಚೂರಿನಲ್ಲಿರುವ, ಹಸ್ತಪ್ರತಿಗಳ ನಡುವೆಯೇ ಆಯುಷ್ಯ ಕಳೆದ ಒಬ್ಬ ಹಿರಿಯರು. ಹಿರಿಯರಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಆಗದು. ಗರಿಯ ಫೋಟೊಗಳು ವಾಟ್ಸಾಪಿನಲ್ಲಿ ಮೊಮ್ಮಗನ ಫೋನಿಗೆ ಹೋಗುತ್ತಿದ್ದವು, ವಾದವಿವಾದ ಮಾತ್ರ ಅಂಚೆಯಲ್ಲಿ. ಕಾರ್ಡು, ಅಂತರ್ದೇಶೀಯ ಪತ್ರ, ದೊಡ್ಡ ವಿಷಯವಿದ್ದರೆ ಲಕೋಟೆ. ಆ ಪತ್ರಗಳ ಕಟ್ಟನ್ನು ಇಬ್ಬರ ಒಪ್ಪಿಗೆಯ ಮೇಲೆ ನಾನು ಓದಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾಠದ ಪ್ರಶ್ನೆಗಳನ್ನು ಬದಲಿಸಿಲ್ಲ. ಹಸ್ತಪ್ರತಿ ಓದಲು ಬರುವ ಹೊಸಬರಲ್ಲಿ ಮನೆ ನಡೆಸುತ್ತಲೇ ಕೆಲಸ ಮಾಡಬೇಕಾದವರೇ ಹೆಚ್ಚು. ಅವರಿಗೆ ಇದು ಬೇಕಾಗುತ್ತದೆ ಎಂದು ಬರೆಯುತ್ತಿದ್ದೇನೆ.

ಅವರ ಕೈಯಲ್ಲಿದ್ದದ್ದು ಮೂರು ಪ್ರತಿ. ‘ಕ’ ಎಂದರೆ ಹತ್ತಿರದ ಹಳ್ಳಿಯೊಂದರ ಮನೆಯಲ್ಲಿದ್ದ ಓಲೆಗರಿ. ಕಟ್ಟು ಮನೆ ಬಿಟ್ಟು ಹೊರಗೆ ಹೋಗಬಾರದೆಂದು ಮನೆಯವರ ಷರತ್ತು, ಹಾಗಾಗಿ ಅಲ್ಲೇ ಕೂತು ಫೋಟೊ ತೆಗೆದದ್ದು. ‘ಖ’ ಯಾರೋ ಹಳೆಯ ಕಾಲದ ಶಾಲಾ ಮಾಸ್ತರರು ಕಾಗದದ ಮೇಲೆ ಮಾಡಿಕೊಂಡ ನಕಲು. ‘ಗ’ ಒಂದು ಸಂಗ್ರಹದಿಂದ ಸಿಕ್ಕ, ಅರ್ಧಂಬರ್ಧ ಓದಲಾಗುವ ಜೆರಾಕ್ಸ್.

ತೊಡಕು

ಮನೆ ಹೇಗಿತ್ತು ಎಂದು ಹೇಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಗಂಡ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಭತ್ತ ಬೆಳೆಯುವ ರೈತ. ನಾಟಿ ಶುರುವಾದರೆ ಆಳುಗಳ ಬುತ್ತಿ ಮನೆಯಿಂದಲೇ ಹೋಗಬೇಕು. ಅತ್ತೆಗೆ ಮೊಣಕಾಲು ನೋವು, ಎದ್ದು ಓಡಾಡುವುದು ಕಷ್ಟ. ಕೆಲಸ ಶುರುವಾದ ವರ್ಷವೇ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಎಣ್ಣೆ, ನೀರು, ಲೋಬಾನ, ಪಥ್ಯದ ಅಡಿಗೆ, ರಾತ್ರಿ ಕೂಸಿನ ಅಳು. ಕಾಲೇಜಿನ ಪಾಠ ಇದೆಲ್ಲದರ ಮೇಲೆ.

ಮೊದಲ ಕೆಲವು ಪತ್ರಗಳಲ್ಲಿ ಸಂಪಾದಕಿ ಬರೆದದ್ದೆಲ್ಲ ಹೊತ್ತು ಸಿಗದ ದುಃಖ. “ಪೂಜ್ಯ ಸರ್ ಅವರಿಗೆ ನಮಸ್ಕಾರಗಳು” ಎಂದು ಶುರುವಾಗಿ, ಯಾವ ಪದ್ಯದ ತನಕ ಆಯಿತೆಂದು ಹೇಳಿ, ಮುಂದೆ ಯಾಕೆ ಹೋಗಲಿಲ್ಲವೆಂಬುದಕ್ಕೆ ಕಾರಣ. ಆ ಪತ್ರಗಳನ್ನು ಸಾಲಾಗಿ ಓದಿದರೆ ಅವರಿಗೇ ಆಗ ಕಾಣದಿದ್ದ ಒಂದು ಸಂಗತಿ ಕಾಣುತ್ತದೆ. ಹೊತ್ತು ಕಡಿಮೆ ಎಂಬುದು ಅರ್ಧ ತೊಡಕು. ಪ್ರತಿ ಸಲ ಕೂತಾಗಲೂ ಹಿಂದೆ ಎಲ್ಲಿ ಬಿಟ್ಟಿದ್ದೆ, ಯಾವ ಅಕ್ಷರದ ಬಗ್ಗೆ ಅನುಮಾನವಿತ್ತು, ‘ಖ’ದಲ್ಲಿ ಇದನ್ನು ನೋಡಿದ್ದೆನೋ ಇಲ್ಲವೋ ಎಂದು ಮೊದಲಿಂದ ಹುಡುಕಬೇಕಾಗುತ್ತಿತ್ತು. ಸಿಕ್ಕ ಅರ್ಧ ತಾಸು ಅದರಲ್ಲೇ ಮುಗಿದುಹೋಗುತ್ತಿತ್ತು.

ಓಲೆಗರಿ ಓದುವುದು ಮೊದಲೇ ನಿಧಾನದ ಕೆಲಸ. ಪದ್ಯಗಳು ಸಾಲು ಮುರಿಯದೆ ಒಂದರ ಹಿಂದೊಂದು ಹರಿದಿರುತ್ತವೆ; ಗೆರೆಯೋ ಅಂಕಿಯೋ ನೋಡಿ ಪದ್ಯ ಮುಗಿಯಿತೆಂದು ತಿಳಿಯಬೇಕು. ಎ-ಏ, ಒ-ಓ ಒಂದೇ ರೂಪದಲ್ಲಿ ಬರುತ್ತವೆ. ಮ ಮತ್ತು ವ ಒಂದರಂತೆ ಒಂದು ಕಾಣುತ್ತವೆ, ಮಹಾಪ್ರಾಣದ ಸೀಳು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅರ್ಥ ಹಿಡಿದು ಓದಬೇಕು, ಅರ್ಥ ಹಿಡಿಯಲು ಹಿಂದಿನ ಪದ್ಯ ತಲೆಯಲ್ಲಿರಬೇಕು. ಬಾಗಿಲ ಗಂಟೆ ಬಾರಿಸಿದರೆ ಮೊದಲು ಹೋಗುವುದೇ ಅದು.

ಮಾಡಿ ನೋಡಿದ್ದು

ಬೆಳಗಿನ ಜಾವ ಎದ್ದು ಕೂತದ್ದು ಮೊದಲ ಉಪಾಯ. ಕೂಸು ಬರುವ ತನಕ ನಡೆಯಿತು, ಆಮೇಲೆ ಆ ಹೊತ್ತೇ ಕೂಸಿನ ಹೊತ್ತಾಯಿತು. ಎರಡನೆಯದು, ಸಂಬಂಧಿಕರ ಮನೆಯ ಮೇಲಿನ ಕೋಣೆ. ಅದು ಹೆಚ್ಚು ದಿನ ಉಳಿಯಲಿಲ್ಲ. ಕರೆಯಲು ಅಲ್ಲಿಗೂ ಜನ ಬಂದರು.

ಆಗ ಹಿರಿಯರು ಬರೆದ ಪತ್ರ ಸ್ವಲ್ಪ ಖಾರವಾಗಿದೆ. ಸಂಪಾದನೆ ಬಿಡಿ ಹೊತ್ತಿನ ಕೆಲಸವಲ್ಲ ತಂಗಿ, ಒಂದು ವರ್ಷ ರಜೆ ಹಾಕು, ಇಲ್ಲವಾದರೆ ಬೇರೆಯವರಿಗೆ ಬಿಟ್ಟುಕೊಡು ಎಂಬ ಅರ್ಥದ ಮಾತು. ಸಂಪಾದಕಿಯ ಉತ್ತರ ಈ ಕಟ್ಟಿನಲ್ಲೇ ನನಗೆ ಅತಿ ಮುಖ್ಯವಾಗಿ ಕಾಣುವ ಪತ್ರ. ರಜೆ ಹಾಕಿದರೆ ಮನೆಯ ಕೆಲಸ ಇನ್ನೂ ಹೆಚ್ಚುತ್ತದೆ ಸರ್, ಮನೆಯಲ್ಲಿದ್ದಾಳಲ್ಲ ಎಂದು ಎಲ್ಲವೂ ನನ್ನ ಮೇಲೇ ಬೀಳುತ್ತದೆ ಎಂದು ಅವರು ಸಿಟ್ಟಿಲ್ಲದೆ, ಮುಚ್ಚಿಡದೆ ಬರೆದರು. ಅದರ ಜೊತೆಗೆ ಒಂದು ಪ್ರಶ್ನೆ: ಈ ಕೆಲಸದಲ್ಲಿ ಯಾವ ಭಾಗ ಬಿಡಿ ಹೊತ್ತಿನಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ, ದಯವಿಟ್ಟು ಬಿಡಿಸಿ ಹೇಳಿ.

ಮೊದಲ ತಿರುವು ಈ ಪ್ರಶ್ನೆ. ಹಿರಿಯರು ಉತ್ತರಕ್ಕೆ ತಡಮಾಡಿದರು, ಆಮೇಲೆ ನಾಲ್ಕು ಪುಟ ಬರೆದರು. ಅವರೂ ಅಷ್ಟು ವರ್ಷಗಳಲ್ಲಿ ಹೀಗೆ ಬಿಡಿಸಿ ನೋಡಿರಲಿಲ್ಲವೆಂದು ಅದೇ ಪತ್ರದಲ್ಲಿದೆ. ನಕಲು ಮಾಡುವುದು ಒಂದು ಕೆಲಸ. ಪದ್ಯ ಮುಗಿದಲ್ಲೇ ನಿಲ್ಲಿಸಿದರೆ ಅದನ್ನು ಎಷ್ಟು ಸಲ ಬೇಕಾದರೂ ಮುರಿಯಬಹುದು. ಪ್ರತಿಗಳನ್ನು ತಾಳೆ ನೋಡುವುದು ಎರಡನೆಯದು. ಅದಕ್ಕೆ ಇಬ್ಬರು ಬೇಕು, ಒಬ್ಬರು ಓದಬೇಕು, ಇನ್ನೊಬ್ಬರು ಎದುರು ಪ್ರತಿಯಲ್ಲಿ ಬೆರಳಿಟ್ಟು ಬರಬೇಕು. ಪಾಠ ನಿರ್ಣಯ, ಎಂದರೆ ಪ್ರತಿಗಳು ಬೇರೆಬೇರೆ ಹೇಳುವ ಕಡೆ ಯಾವುದನ್ನು ಇಟ್ಟುಕೊಳ್ಳಬೇಕೆಂಬ ತೀರ್ಮಾನ, ಮೂರನೆಯದು. ಅದನ್ನು ಮುರಿಯಬಾರದು, ಅದರ ಸುದ್ದಿಗೆ ಈಗ ಹೋಗಬೇಡ. ಇದರ ಜೊತೆ ಒಂದು ಕಟ್ಟುನಿಟ್ಟು: ಎದ್ದು ಹೋಗುವಾಗ ಎಷ್ಟೇ ಅವಸರವಿರಲಿ, ಪ್ರತಿಯ ಹೆಸರು, ಪದ್ಯದ ಅಂಕಿ, ಕೊನೆಗೆ ಬರೆದ ಪದ, ಮನಸ್ಸಿನಲ್ಲಿದ್ದ ಅನುಮಾನ ಇಷ್ಟನ್ನು ನೋಟಿನ ಅಂಚಿಗೆ ಬರೆದೇ ಏಳಬೇಕು. ಅನುಮಾನ ದೊಡ್ಡದಿದ್ದರೆ ಅದನ್ನೇ ಕಾರ್ಡಿಗೆ ಹಾಕಿ ರಾಯಚೂರಿಗೆ ಕಳಿಸು, ಒಂದು ಕಾರ್ಡಿಗೆ ಒಂದೇ ಪದ್ಯ.

ಅಲ್ಲಿಂದ ಮುಂದೆ ಪತ್ರಗಳ ಚಹರೆಯೇ ಬೇರೆ. ದುಃಖ ಕಡಿಮೆಯಾಗಿ ಪದ್ಯ ಹೆಚ್ಚಾಯಿತು.

ನಡುಮನೆಯಲ್ಲಿ ತಾಳೆ ನೋಡಿದ್ದು

ಎರಡನೆಯ ಕೆಲಸಕ್ಕೆ ಜೊತೆಗಾರ್ತಿಯಾಗಿ ಸಿಕ್ಕವಳು ಮೈದುನನ ಮಗಳು, ಡಿಗ್ರಿ ಓದುತ್ತಿದ್ದ ಹುಡುಗಿ. ಮಧ್ಯಾಹ್ನ ಊಟವಾದ ಮೇಲೆ ಅವಳು ‘ಖ’ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಸಂಪಾದಕಿ ‘ಕ’ದ ನಕಲಿನಲ್ಲಿ ಗುರುತು ಹಾಕುವುದು. ಅಲ್ಲೇ ಅತ್ತೆ ಮೊರ ಹಿಡಿದು ಜೋಳ ಹಸನು ಮಾಡುತ್ತಿರುತ್ತಿದ್ದರು. ಓದು ಬಾರದ ಅತ್ತೆ ಸೋಬಾನೆ ಹಾಡಿಗೆ ಊರಿಗೇ ಹೆಸರಾದವರು.

ಸಾಂಗತ್ಯ ಹಾಡಿನ ಛಂದಸ್ಸು. ನಾಲ್ಕು ಸಾಲು, ಒಂದನೆಯ ಮತ್ತು ಮೂರನೆಯ ಸಾಲಿನಲ್ಲಿ ನಾಲ್ಕು ನಾಲ್ಕು ವಿಷ್ಣುಗಣ, ಎರಡನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಎರಡು ವಿಷ್ಣುಗಣವಾಗಿ ಕೊನೆಗೊಂದು ಬ್ರಹ್ಮಗಣ. ಗಣವೆಂದರೆ ಸಾಲನ್ನು ಅಳೆಯುವ ತುಂಡು; ವಿಷ್ಣುಗಣ ದೊಡ್ಡದು, ಬ್ರಹ್ಮಗಣ ಚಿಕ್ಕದು. ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸ. ಹುಡುಗಿ ಓದುತ್ತ ಓದುತ್ತ ರಾಗ ಹಿಡಿದಳು. ಒಂದು ಮಧ್ಯಾಹ್ನ ಅತ್ತೆ ಮೊರ ಆಡಿಸುವುದನ್ನು ನಿಲ್ಲಿಸಿ ಹೇಳಿದ್ದನ್ನು ಸಂಪಾದಕಿ ಇದ್ದ ಹಾಗೇ ಪತ್ರದಲ್ಲಿ ಇಳಿಸಿದ್ದಾರೆ: “ಯವ್ವಾ, ಅಲ್ಲಿ ಏನೋ ಕಡಿಮಿ ಬಿದ್ದೈತಿ ನೋಡು. ಹಾಡು ಕುಂಟಾಕತ್ತೈತಿ.” ‘ಕ’ ತೆಗೆದು ನೋಡಿದರೆ ಆ ಸಾಲಿನಲ್ಲಿ ‘ಖ’ಕ್ಕಿಂತ ಒಂದು ಪದ ಹೆಚ್ಚಿತ್ತು. ಇಂಥವು ಇನ್ನೂ ಕೆಲವು ಸಿಕ್ಕವು.

ಹಿರಿಯರಿಗೆ ಇದು ಬಹಳ ಖುಷಿ ಕೊಟ್ಟಿತು. ಎಷ್ಟೆಂದರೆ, ಮೂರೂ ಪ್ರತಿಗಳಲ್ಲಿ ಸಾಲು ಕುಂಟುವ ಒಂದು ಜಾಗದಲ್ಲಿ ಅತ್ತೆ ತುಂಬಿಸಿ ಹಾಡಿದ ಪದವನ್ನೇ ಪಾಠಕ್ಕೆ ಸೇರಿಸಿಬಿಡು ಎಂದು ಬರೆದರು. ಸಂಪಾದಕಿ ಒಪ್ಪಲಿಲ್ಲ. ಅವರ ಕಾರಣ ಗಟ್ಟಿಯಾಗಿತ್ತು. ಆ ಜಾಗಕ್ಕೆ ತಾನು ಎಂದರೂ ಕೂರುತ್ತದೆ, ಅಂದು ಎಂದರೂ ಕೂರುತ್ತದೆ, ಬೇಗ ಎಂದರೂ ಕೂರುತ್ತದೆ. ಹಾಡುವವರು ಅಳತೆ ತುಂಬಿಸಲು ಯಾವಾಗಲೂ ಬಳಸುವ ಪದಗಳಿವು. ಸಾಲು ಎಲ್ಲಿ ಮುರಿದಿದೆ ಎಂದು ಕಿವಿ ಹೇಳಿತು. ಅಲ್ಲಿ ಕವಿ ಏನು ಬರೆದಿದ್ದ ಎಂದು ಹೇಳಲು ಕಿವಿಗೆ ಆಗದು. ಪಾಠದಲ್ಲಿ ಚುಕ್ಕಿಗಳನ್ನಿಟ್ಟು, ಅತ್ತೆಯ ಪದವನ್ನು ಊಹಾಪಾಠವೆಂದು ಅಡಿಟಿಪ್ಪಣಿಗೆ ಹಾಕುತ್ತೇನೆ ಎಂದರು. ಹಿರಿಯರು ಮುಂದಿನ ಕಾರ್ಡಿನಲ್ಲಿ ಒಪ್ಪಿಕೊಂಡರು. ಶಿಷ್ಯೆ ಸಂಪಾದಕಿಯಾದದ್ದು ಈ ಜಾಗದಲ್ಲಿ ಎಂದು ನನ್ನ ಎಣಿಕೆ.

ಗೇಟ್ ಕೊಚ್ಚಿಹೋದ ಆಗಸ್ಟ್

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹರಿಯುತ್ತಿದ್ದರೆ ಎಡದಂಡೆಯ ಪ್ರತಿ ಭತ್ತದ ಮನೆಯಲ್ಲೂ ಒಂದೇ ಮಾತು. ನಾಟಿ ಆಗಿದೆ, ಕಾಲುವೆಗೆ ನೀರು ಉಳಿಯುತ್ತದೋ ಇಲ್ಲವೋ. ಆ ದಿನಗಳ ಪತ್ರಗಳಲ್ಲಿ ಒಂದೂ ಪದ್ಯವಿಲ್ಲ. ಹಿರಿಯರ ಉತ್ತರದಲ್ಲೂ ಇಲ್ಲ. ಎಷ್ಟು ಎಕರೆ, ಸಾಲ ಎಷ್ಟಿದೆ, ಮನೆಯವರು ಧೈರ್ಯವಾಗಿದ್ದಾರೆಯೇ ಎಂದಷ್ಟೇ ವಿಚಾರಿಸಿದ್ದಾರೆ. ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದು, ಮತ್ತೆ ಮಳೆ ಬಂದು ಒಳಹರಿವು ಹೆಚ್ಚಿದ ಮೇಲೆ ಊರಿಗೆ ಉಸಿರು ಬಂತು.

ಅಂಚಿನ ಟಿಪ್ಪಣಿಗೆ ನಿಜವಾದ ಪರೀಕ್ಷೆ ಆಮೇಲೆ. ಅಷ್ಟು ದಿನ ಮುಟ್ಟದ ನೋಟನ್ನು ಬಿಚ್ಚಿದ ಮಧ್ಯಾಹ್ನವೇ, ಹಿಂದೆ ನಿಂತ ಪದದ ಮುಂದಿನ ಪದದಿಂದ ಕೆಲಸ ಶುರುವಾಯಿತು. ಮೊದಲ ವರ್ಷ ಇಂಥ ಅಂತರ ಬಿದ್ದಿದ್ದರೆ ಇಡೀ ಸಂಧಿಯನ್ನೇ (ಕಾವ್ಯದ ಅಧ್ಯಾಯ) ಮೊದಲಿಂದ ಮಾಡಬೇಕಾಗುತ್ತಿತ್ತು ಎಂದು ಅವರು ಬರೆದಿದ್ದಾರೆ.

ಎರಡು ಪದ್ಯ ಎಲ್ಲಿ ಹೋದವು?

ಎರಡನೆಯ ತಿರುವು ಬಂದದ್ದು ಬೈಚಪ್ಪನ ಪ್ರಸಂಗದಲ್ಲಿ. ರಾಮನನ್ನು ಅಡಗಿಸಿಡುವ ಕಡೆ ‘ಕ’ದಲ್ಲಿರುವ ಎರಡು ಪದ್ಯಗಳು ‘ಖ’ದಲ್ಲಿಲ್ಲ. ಇವು ಆಮೇಲೆ ಯಾರೋ ಸೇರಿಸಿದ ಪ್ರಕ್ಷಿಪ್ತ ಪದ್ಯಗಳು ಎಂಬ ತೀರ್ಮಾನಕ್ಕೆ ಸಂಪಾದಕಿ ಬಂದಿದ್ದರು. ಮಂತ್ರಿಯ ಸ್ವಾಮಿಭಕ್ತಿಯನ್ನು ಹೊಗಳುವ ಪದ್ಯಗಳಾದ್ದರಿಂದ ಹಾಗೆ ಅನ್ನಿಸುವುದು ಸಹಜ. ಪೀಠಿಕೆಗೆಂದು ಒಂದು ಪುಟ ಬರೆದೂ ಆಗಿತ್ತು.

ಅಷ್ಟರಲ್ಲಿ ಅವರ ಸ್ವಂತ ನಕಲನ್ನು ಫೋಟೊಗಳೊಂದಿಗೆ ಮರುತಾಳೆ ನೋಡುವಾಗ ಇನ್ನೊಂದು ಸಂಧಿಯಲ್ಲಿ ಒಂದು ಪೂರ್ತಿ ಪದ್ಯ ಬಿಟ್ಟುಹೋಗಿರುವುದು ಸಿಕ್ಕಿತು. ಬಿಟ್ಟ ಪದ್ಯ ಮತ್ತು ಅದರ ಮುಂದಿನ ಪದ್ಯ ಒಂದೇ ಪದದಿಂದ ಶುರುವಾಗುತ್ತಿದ್ದವು. ಅಂಚಿನಲ್ಲಿ ನೋಡಿದರೆ, ಅದರ ಹಿಂದಿನ ಪದ್ಯದ ಹತ್ತಿರ ಎದ್ದುಹೋದ ಗುರುತು: ಗ್ಯಾಸ್ ಸಿಲಿಂಡರ್ ಬಂದಿತ್ತು. ಆಗ ಅವರು ನೋಟನ್ನೆಲ್ಲ ಈ ಕಣ್ಣಿನಿಂದ ತಿರುವಿಹಾಕಿದರು. ಮ-ವ, ಹ್ರಸ್ವ-ದೀರ್ಘದಂಥ ಅಕ್ಷರದ ತಪ್ಪುಗಳು ಎಲ್ಲ ಕಡೆ ಚೆಲ್ಲಿಕೊಂಡಿದ್ದವು. ಎದ್ದುಹೋದದ್ದಕ್ಕೂ ಅವಕ್ಕೂ ಸಂಬಂಧವಿರಲಿಲ್ಲ. ಸಾಲು ಬಿಟ್ಟ, ಪದ್ಯ ಜಿಗಿದ ತಪ್ಪುಗಳಲ್ಲಿ ಹೆಚ್ಚಿನವು ಮಾತ್ರ ಎದ್ದುಹೋದ ಗುರುತಿನ ಆಸುಪಾಸಿನಲ್ಲೇ, ಅದೂ ಒಂದೇ ಪದ ಮತ್ತೆ ಬರುವ ಕಡೆ ಇದ್ದವು. ಮರಳಿ ಬಂದ ಕಣ್ಣು ಆ ಪದವನ್ನು ಹುಡುಕುತ್ತದೆ, ಎರಡನೆಯ ಸಲ ಬಂದಿರುವ ಕಡೆ ಅದನ್ನು ಕಂಡು ಅಲ್ಲಿಂದ ಮುಂದುವರಿಯುತ್ತದೆ. ಸಾಲು ಮುರಿಯದ ಓಲೆಗರಿಯಲ್ಲಿ ಇದು ಇನ್ನೂ ಸುಲಭ.

ಬೈಚಪ್ಪನ ಪ್ರಸಂಗಕ್ಕೆ ಹಿಂತಿರುಗಿ ನೋಡಿದರೆ, ಕಾಣೆಯಾದ ಪದ್ಯಗಳಲ್ಲಿ ಮೊದಲನೆಯದೂ ಅವು ಮುಗಿದ ಮೇಲಿನ ಪದ್ಯವೂ ಮಂತ್ರಿಯ ಹೆಸರಿನಿಂದಲೇ ಶುರು. ‘ಖ’ ಬರೆದ ಮಾಸ್ತರರ ಕಣ್ಣು ಜಿಗಿದಿದೆ. ಪದ್ಯಗಳು ಪ್ರಕ್ಷಿಪ್ತವೆನ್ನಲು ಆಧಾರವೇ ಇಲ್ಲವಾಯಿತು. ಪೀಠಿಕೆಯ ಆ ಪುಟವನ್ನು ತೆಗೆದುಹಾಕಿ ಸಂಪಾದಕಿ ಹಿರಿಯರಿಗೆ ಉದ್ದನೆಯ ಪತ್ರ ಬರೆದರು. ಮಾಸ್ತರರನ್ನೂ ಯಾರೋ ಕರೆದಿದ್ದರೆಂದು ಮಾತ್ರ ಅವರು ಬರೆಯಲಿಲ್ಲ, ಅದಕ್ಕೆ ಸಾಕ್ಷ್ಯವಿಲ್ಲ. ಜಿಗಿತಕ್ಕೆ ಸಾಕ್ಷ್ಯವಿದೆ, ಪೀಠಿಕೆಯಲ್ಲಿ ಅಷ್ಟೇ ಬರುತ್ತದೆ. ಈ ಸಂಯಮವನ್ನು ಹೊಸಬರು ಗಮನಿಸಬೇಕು.

ಎದ್ದುಹೋದ ಗುರುತುಗಳಿಲ್ಲದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ. ಎಡೆಬಿಡದೆ ಕೂತು ನಕಲು ಮಾಡಿದವರಿಗೂ ಇಂಥ ಜಿಗಿತ ಆಗುತ್ತದೆ, ಆದರೆ ಅವರ ನೋಟಿನಲ್ಲಿ ಅದರ ಕಾರಣದ ದಾಖಲೆ ಇರುವುದಿಲ್ಲ.

ಚೆಂಡಾಟದ ಪದ್ಯ

ಉಳಿದದ್ದು ಪಾಠ ನಿರ್ಣಯ. ರಾಮ ಚೆಂಡಿಗಾಗಿ ಅರಮನೆಗೆ ಕಾಲಿಡುವ ಪದ್ಯ ಅದಕ್ಕೆ ಒಳ್ಳೆಯ ಉದಾಹರಣೆ. ‘ಕ’ದಲ್ಲಿ ಸಾಲು ಗರಿಯ ಅಂಚಿಗೆ ಬಂದು ‘ಕಂಡ’ ಎಂಬುದರ ಮುಂದೆ ಹುಳು ತಿಂದಿದೆ. ‘ಖ’ದಲ್ಲಿ ‘ಕಂಡಳು’, ‘ಗ’ದಲ್ಲಿ ‘ಕಂಡನು’. ಅವಳು ಅವನನ್ನು ಮೊದಲು ಕಂಡಳೋ, ಅವನು ಅವಳನ್ನೋ? ಅಳತೆ ಎರಡಕ್ಕೂ ಒಂದೇ. ವ್ಯತ್ಯಾಸ ಸಾಲಿನ ತುದಿಯಲ್ಲಿರುವುದರಿಂದ ಪ್ರಾಸವೂ ನೆರವಿಗೆ ಬರುವುದಿಲ್ಲ.

ಹಿರಿಯರು ‘ಕಂಡಳು’ ಪರ. ಕಥೆಯ ಓಟಕ್ಕೆ ಅದು ಹೊಂದುತ್ತದೆ, ಮೋಹ ಹುಟ್ಟುವುದು ಅವಳಲ್ಲಿ ಎಂದು ಅವರ ವಾದ. ಸಂಪಾದಕಿಯ ವಾದ ಅದಕ್ಕೆ ಎದುರು. ‘ಕಂಡಳು’ ಅಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದೇ ಅನುಮಾನಕ್ಕೆ ಕಾರಣ. ರಾಮನನ್ನು ದೇವರೆಂದು ಬಗೆಯುವ ಲಿಪಿಕಾರ ‘ಕಂಡನು’ ಎಂದಿದ್ದದ್ದನ್ನು ‘ಕಂಡಳು’ ಎಂದು ತಿದ್ದಿಯಾನು. ‘ಕಂಡಳು’ ಇದ್ದದ್ದನ್ನು ‘ಕಂಡನು’ ಮಾಡಲು ಅವನಿಗೆ ಏನು ಕಾರಣ? ಲಿಪಿಕಾರರು ಸುಲಭ ಮಾಡಿಕೊಳ್ಳುತ್ತ ಬರುವುದರಿಂದ ಕ್ಲಿಷ್ಟಪಾಠಕ್ಕೆ, ಎಂದರೆ ಸುಲಭವಾಗಿ ಹೊಂದದ ಪಾಠಕ್ಕೆ, ಹೆಚ್ಚು ಬೆಲೆ ಕೊಡಬೇಕೆಂಬುದು ಸಂಪಾದನೆಯ ಹಳೆಯ ನಿಯಮ. ಜೊತೆಗೆ ಅವಳನ್ನು ಕಂಡೂ ರಾಮ ಮನಸ್ಸು ಕೆಡಿಸಿಕೊಳ್ಳಲಿಲ್ಲ ಎಂದಾಗಲೇ ಬಿರುದಿಗೆ ತೂಕ. ಈ ಎರಡನೆಯ ಮಾತು ಪಾಠ ನಿರ್ಣಯಕ್ಕೆ ಪುರಾವೆಯಲ್ಲ ಎಂದು ಹಿರಿಯರು ತಕ್ಷಣ ಹಿಡಿದರು, ಅದೂ ನ್ಯಾಯವೇ.

ಇಂಥ ಪ್ರಶ್ನೆ ಕಾರ್ಡಿನಲ್ಲಿ ಬಗೆಹರಿಯುವುದಿಲ್ಲ. ಮೂರು ಪ್ರತಿಗಳಲ್ಲಿ ಯಾವುದು ಯಾವುದರ ಸಂತತಿ, ‘ಖ’ ಬೇರೆಡೆ ಇಂಥ ತಿದ್ದುಪಡಿ ಮಾಡಿದೆಯೇ ಎಂದು ಸಂಧಿಗಟ್ಟಲೆ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ನೋಡಬೇಕು. ಅದಕ್ಕೆ ಮುರಿಯದ ದಿನಗಳು ಬೇಕೆಂದು ಹಿರಿಯರು ಈ ಸಲ ಸಂಪಾದಕಿಯ ಗಂಡನಿಗೇ ಒಂದು ಪತ್ರ ಹಾಕಿದರು. ಅಪ್ಪಣೆಯ ದನಿಯಿಲ್ಲ, ಕೆಲಸ ಎಂಥದು, ನಡುವೆ ಕರೆದರೆ ಏನು ಕೆಡುತ್ತದೆ ಎಂಬ ವಿವರಣೆ. ಸುಗ್ಗಿ ಮುಗಿದ ಮೇಲೆ ನೆಗೆಣ್ಣಿ ಬಂದು ಅಡಿಗೆಮನೆ ಹಿಡಿದರು, ಗಂಡ ಅತ್ತೆಯ ಔಷಧಿ ಮತ್ತು ಕೂಸನ್ನು ನೋಡಿಕೊಂಡರು, ಸಂಪಾದಕಿ ಬಾಗಿಲು ಹಾಕಿಕೊಂಡು ಕೂತರು. ಒಬ್ಬ ಗಂಡಸಿನ ಪತ್ರ ಬಂದ ಮೇಲಷ್ಟೇ ಇದು ಆಯಿತಲ್ಲ ಎಂಬುದು ನನಗೆ ಚುಚ್ಚುತ್ತದೆ, ಸಂಪಾದಕಿಗೂ ಚುಚ್ಚಿತ್ತು. ಅದನ್ನು ಅವರು ಹಿರಿಯರಿಗೆ ಬರೆದೇ ತಿಳಿಸಿದರು. ಜೊತೆಗೆ, ತಾವು ಮನೆಯಲ್ಲಿ ಅಲ್ಲಿಯ ತನಕ ಕೆಲಸವಿದೆ ಎಂದಷ್ಟೇ ಹೇಳಿದ್ದು, ಎಂಥ ಕೆಲಸವೆಂದು ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ ಎಂದೂ ಬರೆದರು.

ಆ ದಿನಗಳಲ್ಲಿ ಆದ ನಿರ್ಣಯ ಹೀಗಿದೆ. ರಾಮನಿಗೆ ಕುಂದು ತರಬಹುದಾದ ಇನ್ನೂ ಕೆಲವು ಕಡೆ ‘ಖ’ ಮೃದು ಮಾಡಿಕೊಂಡಿರುವುದು ಕಂಡದ್ದರಿಂದ ಪಾಠದಲ್ಲಿ ‘ಕಂಡ[ನು]’ ಎಂದು ಕಂಸದೊಳಗೆ ಕೊಟ್ಟು, ‘ಕಂಡಳು’ವನ್ನು ಅಡಿಟಿಪ್ಪಣಿಯಲ್ಲಿ, ಹಿರಿಯರ ವಾದವನ್ನು ಅನುಬಂಧದಲ್ಲಿ ಇಟ್ಟರು. ಹಿರಿಯರು ಇನ್ನೂ ಪೂರ್ತಿ ಒಪ್ಪಿಲ್ಲ.

ಈಗಿನ ಸ್ಥಿತಿ

ಮೊದಲ ಭಾಗದ ಮುದ್ರಣಪ್ರತಿ ಸಿದ್ಧವಾಗಿದೆ. ಅರಿಕೆಯಲ್ಲಿ ಮೈದುನನ ಮಗಳು ತಾಳೆ ನೋಡಿದವಳೆಂದೂ, ಅತ್ತೆ ಊಹಾಪಾಠ ಸೂಚಿಸಿದವರೆಂದೂ, ನೆಗೆಣ್ಣಿ ಯಾವ ದಿನಗಳಲ್ಲಿ ಮನೆ ನಡೆಸಿದರೆಂದೂ ಹೆಸರು ಸಮೇತ ಇದೆ. ನಮ್ಮ ಸಂಪಾದಿತ ಗ್ರಂಥಗಳ ಅರಿಕೆಗಳಲ್ಲಿ ಮನೆಯವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಸಾಲಿನ ಉಪಕಾರ ಸ್ಮರಣೆ. ಕೆಲಸ ಇದ್ದ ಹಾಗೆ ಹೇಳಿದ ಈ ರೀತಿ ನನಗೆ ಹೆಚ್ಚು ಸರಿ ಕಾಣುತ್ತದೆ.

ಎರಡನೆಯ ಭಾಗದಲ್ಲಿ ದೆಹಲಿಯ ದಂಡು ಕಟ್ಟಿಕೊಂಡು ಮಾತಂಗಿ ಬರುವ ಸಂಧಿ ನಡೆದಿದೆ. ಅಲ್ಲಿ ‘ಕ’ದ ಗರಿಗಳು ಕಳೆದಿವೆ, ‘ಗ’ ಓದಲು ಆಗುತ್ತಿಲ್ಲ; ‘ಖ’ ಒಂದೇ ಆಧಾರ. ಮಾಸ್ತರರ ಕಣ್ಣು ಎಲ್ಲಿ ಜಿಗಿದಿದೆ ಎಂದು ಹಿಡಿಯಲು ಎದುರು ಪ್ರತಿ ಇಲ್ಲ. ಕುಮ್ಮಟದುರ್ಗದ ಸುತ್ತಲಿನ ಹಳ್ಳಿಗಳಲ್ಲಿ, ಕಂಪ್ಲಿ ಕಡೆ, ದೇವರ ಮಾಡದಲ್ಲೋ ಅಟ್ಟದ ಮೇಲೋ ಕುಮಾರರಾಮನ ಕಟ್ಟು ಇಟ್ಟುಕೊಂಡವರಿದ್ದರೆ, ಗರಿಗೆ ನೀರು ಮುಟ್ಟಿಸದೆ, ದಾರ ಬಿಚ್ಚಿ ಗರಿಗಳ ಸಾಲು ತಪ್ಪಿಸದೆ, ಮನೆಯಲ್ಲೇ ಕೂತು ಫೋಟೊ ತೆಗೆದುಕೊಳ್ಳಲು ಬಿಡಿ ಎಂದು ಅವರು ಊರೂರಿಗೆ ಹೇಳಿ ಕಳಿಸುತ್ತಿದ್ದಾರೆ.